ಚಿಯಾ ಮತ್ತು ಕಾಮಕಸ್ತೂರಿ

ಚಿಯಾ ಮತ್ತು ಕಾಮಕಸ್ತೂರಿ ಎಂಬವು ಲೇಮಿಯೇಸಿ ಕುಟುಂಬಕ್ಕೆ, ಅಂದರೆ ತುಳಸಿ, ಪುದೀನ, ದೊಡ್ಡಪತ್ರೆ ಮೊದಲಾದ ಗಿಡಗಳ ಕುಟುಂಬಕ್ಕೆ ಸೇರಿದ ಎರಡು ಹೂಬಿಡುವ ಸಸ್ಯಗಳು. ಚಿಯಾದ ಸಸ್ಯಶಾಸ್ತ್ರೀಯ ಹೆಸರು ಸಾಲ್ವಿಯಾ ಹಿಸ್ಪಾನಿಕಾ. ಇದು ಸೇಜ್ ಗಿಡಗಳ ಕುಲಕ್ಕೆ ಸೇರಿದ್ದು, ಮೂಲತಃ ಮೆಕ್ಸಿಕೊ ಮತ್ತು ಗ್ವಾಟೆಮಾಲಾ ದೇಶಗಳದ್ದು. ಕಾಮಕಸ್ತೂರಿಯ ಸಸ್ಯಶಾಸ್ತ್ರೀಯ ಹೆಸರು ಓಸಿಮಮ್ ಬೆಸಿಲಿಕಮ್. ಇದು ತುಳಸಿಯ ಕುಲಕ್ಕೆ ಸೇರಿದ್ದು, ಕರ್ನಾಟಕದ ಹಿತ್ತಿಲುಗಳಲ್ಲಿ ಬಹುಕಾಲದಿಂದ ಬೆಳೆಯುತ್ತಿದೆ. ಎರಡರ ಬೀಜಗಳೂ ಎಳ್ಳಿಗಿಂತ ಚಿಕ್ಕವು, ಎರಡೂ ನೀರಿನಲ್ಲಿ ಉಬ್ಬಿ ಲೋಳೆಯಿಂದ ಸುತ್ತುವರಿಯುತ್ತವೆ. ಈ ಹೋಲಿಕೆಯಿಂದಾಗಿ ಅಂಗಡಿಗಳಲ್ಲಿಯೂ ಅಡುಗೆಮನೆಗಳಲ್ಲಿಯೂ ಒಂದನ್ನು ಇನ್ನೊಂದೆಂದು ತಿಳಿಯುವುದು ಸಾಮಾನ್ಯವಾಗಿದೆ. ಗಿಡದ ಸ್ವಭಾವ, ಹೂವಿನ ರಚನೆ, ಬೇಸಾಯದ ಕಾಲ ಮತ್ತು ತಿನ್ನುವ ಕ್ರಮಗಳಲ್ಲಿ ಮಾತ್ರ ಇವೆರಡೂ ಬೇರೆ ಬೇರೆ.

ಹೆಸರುಗಳು

ಚಿಯಾ ಎಂಬ ಹೆಸರು ಮೆಕ್ಸಿಕೊದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯ 'ಚಿಯಾನ್' ಎಂಬ ಪದದಿಂದ ಬಂದಿದೆ. ಎಣ್ಣೆಯುಳ್ಳದ್ದು ಎಂಬುದು ಅದರ ಅರ್ಥ. ಕುಲದ ಹೆಸರಾದ ಸಾಲ್ವಿಯಾ, ಆರೋಗ್ಯ ಮತ್ತು ರಕ್ಷಣೆಯ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಹುಟ್ಟಿದೆ. ಹಿಸ್ಪಾನಿಕಾ ಎಂದರೆ ಸ್ಪೇನ್ ದೇಶದ್ದು. ಲಿನೇಯಸ್ 1753ರಲ್ಲಿ ಈ ಹೆಸರನ್ನು ಪ್ರಕಟಿಸುವ ವೇಳೆಗೆ ಗಿಡವು ಯುರೋಪಿನ ತೋಟಗಳನ್ನು ಸೇರಿತ್ತು. ಹೆಸರು ಸ್ಪೇನನ್ನು ಸೂಚಿಸಿದರೂ ಗಿಡದ ತವರು ಅಮೆರಿಕ ಖಂಡವೇ ಆಗಿದೆ. ಹೊಸದಾಗಿ ಬಂದ ಬೆಳೆಯಾದ್ದರಿಂದ ಕನ್ನಡದಲ್ಲಿ ಇದಕ್ಕೆ ಹಳೆಯ ಹೆಸರಿಲ್ಲ.

ಕಾಮಕಸ್ತೂರಿ ಎಂಬ ಕನ್ನಡ ಹೆಸರು ಎಲೆಯ ಪರಿಮಳವನ್ನು ಕಸ್ತೂರಿಗೆ ಹೋಲಿಸುತ್ತದೆ. ಇದರ ಬೀಜವನ್ನು ಪೇಟೆಯಲ್ಲಿ ಸಬ್ಜಾ ಎನ್ನುವುದೇ ಹೆಚ್ಚು. ಮರಾಠಿ ಮತ್ತು ಹಿಂದಿಯಲ್ಲಿಯೂ ಇದೇ ಹೆಸರು ಬಳಕೆಯಲ್ಲಿದ್ದು, ಗಡಿಜಿಲ್ಲೆಯಾದ ಬೆಳಗಾವಿಯ ಅಂಗಡಿಗಳಲ್ಲಿ ಸಬ್ಜಾ ಎಂದು ಕೇಳಿದರೆ ಸುಲಭವಾಗಿ ದೊರೆಯುತ್ತದೆ. ಬೆಸಿಲಿಕಮ್ ಎಂಬ ಪ್ರಭೇದನಾಮವು 'ರಾಜೋಚಿತ' ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಇಟಲಿಯ ಅಡುಗೆಯಲ್ಲಿ ಪ್ರಸಿದ್ಧವಾದ ಬೇಸಿಲ್ ಸೊಪ್ಪು ಇದೇ ಪ್ರಭೇದದ್ದು, ತಳಿ ಮಾತ್ರ ಬೇರೆ. ಒಂದೇ ಗಿಡ ಅಲ್ಲಿ ಎಲೆಗಾಗಿ, ಇಲ್ಲಿ ಪರಿಮಳ ಮತ್ತು ಬೀಜಕ್ಕಾಗಿ ಬೆಳೆಯಲ್ಪಟ್ಟಿದೆ.

ಬಂಧುತ್ವ

ಲೇಮಿಯೇಸಿ ಸುಮಾರು 7000 ಪ್ರಭೇದಗಳುಳ್ಳ ದೊಡ್ಡ ಕುಟುಂಬ. ಸಾಲ್ವಿಯಾ ಅದರೊಳಗಿನ ಅತಿ ದೊಡ್ಡ ಕುಲವಾಗಿದ್ದು, ಸುಮಾರು 1000 ಪ್ರಭೇದಗಳನ್ನು ಹೊಂದಿದೆ. ಉದ್ಯಾನಗಳಲ್ಲಿ ಕೆಂಪು ಹೂಗಳಿಗಾಗಿ ಬೆಳೆಸುವ ಸಾಲ್ವಿಯಾ ಸ್ಪ್ಲೆಂಡೆನ್ಸ್ ಕೂಡ ಇದೇ ಕುಲದ್ದು. ಓಸಿಮಮ್ ಅದಕ್ಕಿಂತ ತೀರ ಚಿಕ್ಕ ಕುಲ. ಪೂಜೆಯ ತುಳಸಿ, ಅಂದರೆ ಓಸಿಮಮ್ ಟೆನ್ಯುಫ್ಲೋರಮ್, ಕಾಮಕಸ್ತೂರಿಯ ಕುಲಕ್ಕೇ ಸೇರಿದ ಬಂಧು. ಆದ್ದರಿಂದ ಚಿಯಾ ಮತ್ತು ಕಾಮಕಸ್ತೂರಿಗಳನ್ನು ಒಡಹುಟ್ಟಿದವರೆನ್ನುವುದಕ್ಕಿಂತ ದಾಯಾದಿಗಳೆನ್ನುವುದು ಹೆಚ್ಚು ಸರಿ. ಕುಟುಂಬವೂ ಉಪಕುಟುಂಬವೂ ಒಂದೇ, ಕುಲ ಬೇರೆ. ಈ ಎರಡು ಗಿಡಗಳನ್ನು ಅಕ್ಕಪಕ್ಕದಲ್ಲಿ ಬೆಳೆದರೂ ಅವು ಪರಸ್ಪರ ಬೆರಕೆಯಾಗುವುದಿಲ್ಲ. ಕಾಮಕಸ್ತೂರಿಯ ವಿವಿಧ ತಳಿಗಳು ಮಾತ್ರ ಜೇನುನೊಣಗಳ ಮೂಲಕ ತಮ್ಮತಮ್ಮಲ್ಲಿ ಬೆರಕೆಯಾಗುತ್ತವೆ.

ಮಾಲೆಗೆ ಬಳಸುವ ಇತರ ಪರಿಮಳದ ಸೊಪ್ಪುಗಳಲ್ಲಿ ಮರುಗವೂ ಇದೇ ಕುಟುಂಬದ್ದಾಗಿದೆ. ದವನವು ಪರಿಮಳದಲ್ಲಿ ಇವುಗಳ ಸಾಲಿಗೆ ಸೇರಿದರೂ ಸೇವಂತಿಗೆಯ ಕುಟುಂಬದ್ದು. ಸುವಾಸನೆಯೊಂದರಿಂದಲೇ ಸಸ್ಯಗಳ ಬಂಧುತ್ವವನ್ನು ನಿರ್ಣಯಿಸಲಾಗದು ಎಂಬುದಕ್ಕೆ ದವನ ಒಳ್ಳೆಯ ಉದಾಹರಣೆ.

ಮೂಲ ಮತ್ತು ಹರಡುವಿಕೆ

ಸ್ಪೇನಿನವರು ಬರುವುದಕ್ಕೆ ಮುಂಚೆ ಮೆಕ್ಸಿಕೊದ ಅಜ್ಟೆಕ್ ಜನರಿಗೆ ಮೆಕ್ಕೆಜೋಳ ಮತ್ತು ಅವರೆಯ ಜಾತಿಯ ಕಾಳುಗಳಂತೆ ಚಿಯಾ ಕೂಡ ಮುಖ್ಯ ಆಹಾರಬೆಳೆಯಾಗಿತ್ತು. ಅಧೀನ ಪ್ರಾಂತಗಳು ರಾಜಧಾನಿಗೆ ಸಲ್ಲಿಸುತ್ತಿದ್ದ ಕಪ್ಪಕಾಣಿಕೆಗಳಲ್ಲಿ ಚಿಯಾ ಸೇರಿತ್ತೆಂಬುದು 16ನೆಯ ಶತಮಾನದ ಮೆಂಡೋಜಾ ಚಿತ್ರಸಂಪುಟದಿಂದ ತಿಳಿಯುತ್ತದೆ. ವಸಾಹತು ಆಳ್ವಿಕೆಯ ಕಾಲದಲ್ಲಿ ಅದರ ಬೇಸಾಯ ಕುಗ್ಗಿ ಕೆಲವು ಪ್ರದೇಶಗಳಿಗಷ್ಟೇ ಸೀಮಿತವಾಯಿತು. 1990ರ ದಶಕದಲ್ಲಿ ಅರ್ಜೆಂಟೀನಾದಲ್ಲಿ ನಡೆದ ಪ್ರಯೋಗಗಳ ನಂತರ ಅದು ಮತ್ತೆ ವಾಣಿಜ್ಯ ಬೆಳೆಯಾಗಿ ಹಲವು ದೇಶಗಳಿಗೆ ಹರಡಿತು.

ಕರ್ನಾಟಕದಲ್ಲಿ ಚಿಯಾವನ್ನು ಪರಿಚಯಿಸುವಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಪ್ರಮುಖ ಪಾತ್ರ ವಹಿಸಿದೆ. ಬೆಳೆಯ ಪ್ರಯೋಗಗಳನ್ನು ನಡೆಸಿ, ಕಪ್ಪು ಮತ್ತು ಬಿಳಿ ಬೀಜದ ತಳಿಗಳನ್ನು ರೈತರಿಗೆ ಒದಗಿಸಿದ ಈ ಸಂಸ್ಥೆಯ ಯತ್ನದಿಂದ ಮೊದಲಿಗೆ ಮೈಸೂರು ಸೀಮೆಯಲ್ಲಿ ಚಿಯಾ ಬೇಸಾಯ ಆರಂಭವಾಯಿತು.

ಕಾಮಕಸ್ತೂರಿಯು ಏಷ್ಯಾ ಖಂಡದ ಉಷ್ಣವಲಯದ ಗಿಡ. ಭಾರತದಿಂದ ಮೆಡಿಟರೇನಿಯನ್ ತೀರದವರೆಗೆ ಅದು ಪ್ರಾಚೀನ ಕಾಲದಲ್ಲಿಯೇ ಹರಡಿತ್ತು. ಸಾವಿರಾರು ವರ್ಷಗಳಿಂದ ಬೇಸಾಯದಲ್ಲಿರುವುದರಿಂದ ಎಲೆಯ ಗಾತ್ರ, ಕಾಂಡದ ಬಣ್ಣ ಮತ್ತು ಪರಿಮಳಗಳಲ್ಲಿ ಪರಸ್ಪರ ಭಿನ್ನವಾದ ಅನೇಕ ತಳಿಗಳು ಇದರಲ್ಲಿವೆ.

ಗಿಡದ ಲಕ್ಷಣಗಳು

ಎರಡೂ ಏಕವಾರ್ಷಿಕ ಗಿಡಗಳು. ಚೌಕಾಕಾರದ ಕಾಂಡ, ಎದುರುಬದುರಾಗಿ ಜೋಡಿಸಿದ ಎಲೆಗಳು, ಕಾಂಡದ ತುದಿಯ ತೆನೆಯಲ್ಲಿ ಸುತ್ತುಸುತ್ತಾಗಿ ಅರಳುವ ಹೂಗಳು ಎರಡರಲ್ಲಿಯೂ ಕಾಣುತ್ತವೆ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆಗಳು ಕೈಗೆ ತಗಲುತ್ತವೆ. ಇವೆಲ್ಲ ಈ ಕುಟುಂಬದಲ್ಲಿ ವ್ಯಾಪಕವಾಗಿ ಕಾಣುವ ಗುರುತುಗಳು.

ಭೇದಗಳು ಎಲೆಯಿಂದಲೇ ಆರಂಭವಾಗುತ್ತವೆ. ಚಿಯಾ ಗಿಡವು ಒಳ್ಳೆಯ ನೆಲದಲ್ಲಿ ಒಂದೂವರೆ ಮೀಟರಿಗಿಂತಲೂ ಎತ್ತರವಾಗಬಲ್ಲದು. ಅದರ ಎಲೆ ಅಂಡಾಕಾರ, ತುದಿ ಚೂಪು, ಅಂಚು ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ. ಎಲೆಯ ಉದ್ದ ಸುಮಾರು 4ರಿಂದ 8 ಸೆಂ.ಮೀ., ಅಗಲ 3ರಿಂದ 5 ಸೆಂ.ಮೀ. ಕಾಮಕಸ್ತೂರಿಯ ಗಿಡ ಸಾಮಾನ್ಯವಾಗಿ ಮೊಣಕಾಲಿನಿಂದ ಸೊಂಟದ ಎತ್ತರದ್ದು. ಎಲೆಯ ಅಂಚು ನುಣುಪಾಗಿರುತ್ತದೆ ಅಥವಾ ಅಲ್ಪಸ್ವಲ್ಪ ಹಲ್ಲುಗಳಿಂದ ಕೂಡಿರುತ್ತದೆ, ಮೇಲ್ಮೈ ಹೊಳೆಯುತ್ತದೆ. ಇದರ ಎಲೆಯನ್ನು ಉಜ್ಜಿದ ಕೂಡಲೇ ತೀಕ್ಷ್ಣವಾದ ಸಿಹಿ ಪರಿಮಳ ಹೊಮ್ಮುತ್ತದೆ. ಲಿನಲೂಲ್, ಮೀಥೈಲ್ ಚಾವಿಕಾಲ್, ಯೂಜೆನಾಲ್ ಮೊದಲಾದ ಸುಗಂಧ ತೈಲಾಂಶಗಳು ಇದಕ್ಕೆ ಕಾರಣ. ಯಾವ ಅಂಶ ಎಷ್ಟಿದೆ ಎಂಬುದು ತಳಿಯಿಂದ ತಳಿಗೆ ಬದಲಾಗುವುದರಿಂದ ಪರಿಮಳವೂ ಬದಲಾಗುತ್ತದೆ. ಚಿಯಾ ಎಲೆಗೆ ವಾಸನೆಯಿದ್ದರೂ ಮಾಲೆಗೆ ಕಟ್ಟುವಂತಹ ಪರಿಮಳ ಅದಕ್ಕಿಲ್ಲ.

ಹೂವಿನ ರಚನೆ

ಗಿಡವನ್ನು ನಿಸ್ಸಂದೇಹವಾಗಿ ಗುರುತಿಸಬೇಕಾದರೆ ಹೂವನ್ನು ನೋಡಬೇಕು. ಹೂಗಳು ತೀರ ಚಿಕ್ಕವಾದ್ದರಿಂದ ಒಂದು ಭೂತಕನ್ನಡಿಯ ಸಹಾಯ ಬೇಕಾಗುತ್ತದೆ. ಎರಡೂ ಹೂಗಳ ದಳಗಳು ಕೆಳಗೆ ಕೊಳವೆಯಂತೆ ಕೂಡಿಕೊಂಡು, ಮೇಲೆ ಎರಡು ತುಟಿಗಳಾಗಿ ಸೀಳಿರುತ್ತವೆ. ಆ ತುಟಿಗಳ ವಿಂಗಡಣೆಯಲ್ಲಿಯೂ ಕೇಸರಗಳ ಸಂಖ್ಯೆ ಮತ್ತು ಸ್ಥಾನದಲ್ಲಿಯೂ ಸ್ಪಷ್ಟ ವ್ಯತ್ಯಾಸವಿದೆ.

ಚಿಯಾ ಹೂವು ನೇರಳೆ, ನೀಲಿ ಅಥವಾ ಬಿಳಿ ಬಣ್ಣದ್ದು. ಅದರ ಮೇಲ್ತುಟಿ ಕುಂಚಿಗೆಯಂತೆ ಮುಂದಕ್ಕೆ ಬಾಗಿರುತ್ತದೆ, ಕೆಳತುಟಿ ಹಾಲೆಗಳಾಗಿ ಸೀಳಿ ಕೀಟಗಳು ಇಳಿಯುವ ಜಗುಲಿಯಂತಿರುತ್ತದೆ. ಪರಾಗ ಕೊಡುವ ಕೇಸರಗಳು ಎರಡೇ. ಅವು ಮೇಲ್ತುಟಿಯ ಆಸರೆಯಲ್ಲಿರುತ್ತವೆ. ಸಾಲ್ವಿಯಾ ಕುಲದ ಅನೇಕ ಪ್ರಭೇದಗಳಲ್ಲಿ ಕೇಸರದ ಎರಡು ಪರಾಗಭಾಗಗಳ ನಡುವಿನ ಕೂಡುಭಾಗ ಉದ್ದವಾಗಿ ಬೆಳೆದು ಏತದ ಮರದಂತೆ ಕೆಲಸ ಮಾಡುತ್ತದೆ. ಜೇನುನೊಣ ಮಕರಂದಕ್ಕಾಗಿ ಒಳಗೆ ತಲೆ ತೂರಿಸಿ ಕೆಳತುದಿಯನ್ನು ತಳ್ಳಿದಾಗ ಮೇಲ್ತುದಿ ಬಾಗಿ ಅದರ ಬೆನ್ನಿಗೆ ಪರಾಗವನ್ನು ಬಳಿಯುತ್ತದೆ. ಚಿಯಾ ಹೂವು ಕೇವಲ ಕೆಲವು ಮಿಲಿಮೀಟರ್ ಗಾತ್ರದ್ದಾಗಿದ್ದು, ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದಿಂದಲೇ ಬೀಜ ಕಟ್ಟುತ್ತದೆ.

ಕಾಮಕಸ್ತೂರಿಯಲ್ಲಿ ಈ ವ್ಯವಸ್ಥೆ ತಲೆಕೆಳಗಾಗಿದೆ. ಬಿಳಿ ಅಥವಾ ತೆಳುನೇರಳೆ ಬಣ್ಣದ ಹೂವಿನ ಮೇಲ್ತುಟಿ ನಾಲ್ಕು ಹಾಲೆಗಳಾಗಿ ಸೀಳಿರುತ್ತದೆ, ಕೆಳತುಟಿ ಸೀಳಿಲ್ಲದ ಒಂದೇ ಹಾಲೆ. ಕೇಸರಗಳು ನಾಲ್ಕು. ಅವು ಕೆಳತುಟಿಯ ಮೇಲೆ ಒರಗಿ ಹೊರಚಾಚುತ್ತವೆ. ಹೀಗಾಗಿ ಕೀಟದ ಹೊಟ್ಟೆಯ ಭಾಗಕ್ಕೆ ಪರಾಗ ಅಂಟುತ್ತದೆ. ಮನೆಯಂಗಳದ ತುಳಸಿಯ ಹೂವಿನಲ್ಲಿಯೂ ಇದೇ ರಚನೆಯಿರುವುದರಿಂದ, ವಿದ್ಯಾರ್ಥಿಗಳು ತುಳಸಿಯನ್ನೂ ಉದ್ಯಾನದ ಕೆಂಪು ಸಾಲ್ವಿಯಾವನ್ನೂ ಪಕ್ಕಪಕ್ಕದಲ್ಲಿಟ್ಟು ಈ ಭೇದವನ್ನು ಕಾಣಬಹುದು.

ಬೀಜವೆನಿಸಿದ ಕಾಯಿ

ಎರಡೂ ಗಿಡಗಳಲ್ಲಿ ಅಂಡಾಶಯವು ನಾಲ್ಕು ಭಾಗಗಳಾಗಿ ಒಡೆದು, ಪ್ರತಿ ಹೂವಿನಿಂದ ಗರಿಷ್ಠ ನಾಲ್ಕು ಚಿಕ್ಕ ಕಾಯಿಗಳು ದೊರೆಯುತ್ತವೆ. ಒಂದೊಂದರೊಳಗೂ ಒಂದೊಂದು ಬೀಜವಿರುತ್ತದೆ. ಅಂಗಡಿಯಲ್ಲಿ ಬೀಜವೆಂದು ಕೊಳ್ಳುವುದು, ಸಸ್ಯಶಾಸ್ತ್ರದ ದೃಷ್ಟಿಯಿಂದ, ಒಣಗಿದ ಇಡೀ ಕಾಯಿಯೇ ಆಗಿದೆ. ಈ ಲೇಖನದಲ್ಲಿ ರೂಢಿಯಂತೆ ಬೀಜ ಎಂಬ ಪದವನ್ನೇ ಬಳಸಲಾಗಿದೆ.

ನೀರು ತಗಲಿದಾಗ ಲೋಳೆಯನ್ನು ಉಂಟುಮಾಡುವುದು ಈ ಕಾಯಿಯ ಹೊರಪದರ. ಅಲ್ಲಿನ ಕೋಶಗಳಲ್ಲಿ ಶೇಖರವಾದ ಶರ್ಕರ ಸರಪಳಿಗಳು ನೀರನ್ನು ಹೀರಿ ಉಬ್ಬುತ್ತವೆ. ನಿಸರ್ಗದಲ್ಲಿ ಈ ಲೋಳೆ ಬೀಜವನ್ನು ಮಣ್ಣಿಗೆ ಅಂಟಿಸುತ್ತದೆ, ಮೊಳಕೆಗೆ ಬೇಕಾದ ತೇವವನ್ನು ಹಿಡಿದಿಡುತ್ತದೆ. ಮಳೆ ಅನಿಶ್ಚಿತವಾದ ಕಡೆಗಳಲ್ಲಿ ಬೆಳೆಯುವ ಗಿಡಕ್ಕೆ ಇದು ಉಪಯುಕ್ತ ಗುಣ.

ಚಿಯಾ ಬೀಜ ಸುಮಾರು 2 ಮಿ.ಮೀ. ಉದ್ದದ್ದು, ನುಣುಪಾದದ್ದು, ಅಂಡಾಕಾರದ್ದು. ಬೂದು ಅಥವಾ ಕಂದು ಮೈಮೇಲೆ ಗಾಢವರ್ಣದ ಚಿತ್ತಾರವಿರುತ್ತದೆ. ಕೆಲವು ತಳಿಗಳಲ್ಲಿ ಬೀಜ ಬಿಳಿಯಾಗಿರುತ್ತದೆ. ಸಾವಿರ ಬೀಜಗಳ ತೂಕ ಸುಮಾರು 1.3 ಗ್ರಾಂ ಮಾತ್ರ. ಕಾಮಕಸ್ತೂರಿಯ ಬೀಜ ಗಾತ್ರದಲ್ಲಿ ಹೆಚ್ಚುಕಡಿಮೆ ಅಷ್ಟೇ. ಅದರ ಬಣ್ಣ ಚಿತ್ತಾರವಿಲ್ಲದ ಕಪ್ಪು, ಹೊಳಪು ಕಡಿಮೆ.

ಪೋಷಕಾಂಶಗಳು

ಚಿಯಾ ಬೀಜದ ತೂಕದಲ್ಲಿ ಸುಮಾರು ಶೇ. 30ಕ್ಕಿಂತ ಹೆಚ್ಚು ಎಣ್ಣೆ, ಶೇ. 17ರ ಆಸುಪಾಸು ಪ್ರೋಟೀನು ಮತ್ತು ಶೇ. 34ರಷ್ಟು ನಾರು ಇರುತ್ತವೆ. ಎಣ್ಣೆಯ ಸುಮಾರು ಶೇ. 60 ಭಾಗ ಆಲ್ಫಾ ಲಿನೋಲೆನಿಕ್ ಆಮ್ಲ. ಇದು ಸಸ್ಯಗಳಿಂದ ದೊರೆಯುವ ಒಮೆಗಾ-3 ಬಗೆಯ ಕೊಬ್ಬಿನಾಮ್ಲವಾಗಿದ್ದು, ಚಿಯಾದ ಖ್ಯಾತಿಗೆ ಮುಖ್ಯ ಕಾರಣವಾಗಿದೆ. ಕಾಮಕಸ್ತೂರಿ ಬೀಜದ ಎಣ್ಣೆಯಲ್ಲಿಯೂ ಇದೇ ಆಮ್ಲ ಪ್ರಧಾನವಾಗಿದೆ. ಆದರೆ ಬೀಜದಲ್ಲಿ ಎಣ್ಣೆಯ ಪ್ರಮಾಣ ಸಾಮಾನ್ಯವಾಗಿ ಚಿಯಾಕ್ಕಿಂತ ಕಡಿಮೆ. ಅಲ್ಲದೆ ಕಾಮಕಸ್ತೂರಿ ಬೀಜವನ್ನು ಒಂದೆರಡು ಚಮಚದಷ್ಟು ಪಾನಕಕ್ಕೆ ಹಾಕುವುದು ರೂಢಿಯೇ ಹೊರತು ಆಹಾರಧಾನ್ಯದಂತೆ ತಿನ್ನುವುದು ರೂಢಿಯಲ್ಲ.

ಉತ್ತರ ಕರ್ನಾಟಕದ ಊಟದಲ್ಲಿ ಮೊದಲಿನಿಂದಲೂ ಇರುವ ಅಗಸಿ ಬೀಜದ ಎಣ್ಣೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಭಾಗ ಆಲ್ಫಾ ಲಿನೋಲೆನಿಕ್ ಆಮ್ಲವೇ ಆಗಿದೆ. ರೊಟ್ಟಿಯ ಜೊತೆಗೆ ಅಗಸಿ ಹಿಂಡಿಯನ್ನು ತಿನ್ನುವವರಿಗೆ ಚಿಯಾದ ಈ ಗುಣ ಹೊಸದೇನಲ್ಲ. ಇಂತಹ ಎಣ್ಣೆ ಗಾಳಿಗೆ ಬೇಗ ಕೆಡುವುದರಿಂದ ಪುಡಿ ಮಾಡಿದ ಅಗಸಿಯನ್ನಾಗಲಿ ಚಿಯಾವನ್ನಾಗಲಿ ಬಹುದಿನ ಇಡಬಾರದು.

ಬೇಸಾಯ: ಮಲಪ್ರಭಾ ಸೀಮೆಯ ನಿದರ್ಶನ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡರೆ ಎರಡು ಗಿಡಗಳ ಬೇಸಾಯದ ಅಂತರ ಸ್ಪಷ್ಟವಾಗುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಸೀಮೆಯ ಮೂಲಕ ಪೂರ್ವಕ್ಕೆ ಹರಿಯುತ್ತದೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟಿನಿಂದ ರೇಣುಕಾಸಾಗರ ಉಂಟಾಗಿದೆ. ಪಶ್ಚಿಮದ ಕಿತ್ತೂರಿನಿಂದ ಪೂರ್ವದ ರಾಮದುರ್ಗದತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಎರಿ ಭೂಮಿಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವುದು ಇಲ್ಲಿನ ಹಳೆಯ ಪದ್ಧತಿ.

ಚಿಯಾ ಹಗಲು ಮೋಟಾಗುವಾಗ ಹೂಬಿಡುವ ಗಿಡ. ಹಗಲಿನ ಉದ್ದ ಸುಮಾರು 12ರಿಂದ 13 ಗಂಟೆಗಿಂತ ಕಡಿಮೆಯಾದಾಗಲೇ ಅದು ಹೂವಿಗೆ ತಿರುಗುತ್ತದೆ. ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಸೀಮೆಯಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 10 ನಿಮಿಷ. ಆದ್ದರಿಂದ ಮುಂಗಾರಿನ ಆರಂಭದಲ್ಲಿ ಬಿತ್ತಿದ ಚಿಯಾ ಎತ್ತರಕ್ಕೆ ಬೆಳೆದು ಎಲೆ ಕಾಂಡಗಳಿಗೆ ಹೆಚ್ಚು ಶಕ್ತಿ ವ್ಯಯಿಸುತ್ತದೆ, ಹೂ ತಡವಾಗುತ್ತದೆ. ಹಿಂಗಾರಿಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಬಿತ್ತಿದರೆ ಬೆಳವಣಿಗೆ ಮತ್ತು ಹೂವಿನ ಕಾಲ ಹೊಂದಿಕೊಳ್ಳುತ್ತವೆ. ಬೆಳೆಯ ಅವಧಿ ಸಾಮಾನ್ಯವಾಗಿ ಮೂರರಿಂದ ನಾಲ್ಕು ತಿಂಗಳು.

ನೀರು ಬಸಿದುಹೋಗುವ ನೆಲವೇ ಚಿಯಾಕ್ಕೆ ಬೇಕು. ಮಳೆಯಲ್ಲಿ ನೀರು ನಿಲ್ಲುವ ಎರಿ ಹೊಲಕ್ಕಿಂತ ಮಸಾರಿ ನೆಲ ಅಥವಾ ಇಳಿಜಾರಿನ ಹೊಲ ಹೆಚ್ಚು ಸೂಕ್ತ. ಬೀಜ ಅತಿ ಚಿಕ್ಕದಾದ್ದರಿಂದ ಆಳಕ್ಕೆ ಬಿದ್ದರೆ ಮೊಳೆಯುವುದಿಲ್ಲ. ಜೋಳ ಕಡಲೆಗಳನ್ನು ಬಿತ್ತುವ ಆಳದಲ್ಲಿ ಇದನ್ನು ಬಿತ್ತಲಾಗದು. ಮರಳು ಅಥವಾ ಹುಡಿಗೊಬ್ಬರದೊಡನೆ ಬೆರೆಸಿ ತೆಳುವಾಗಿ ಬಿತ್ತಿದರೆ ಸಮನಾಗಿ ಬೀಳುತ್ತದೆ. ತೆನೆ ಮಾಗಿದ ಮೇಲೆ ಅಕಾಲ ಮಳೆ ಬಂದರೆ ತೆನೆಯಲ್ಲಿಯೇ ಬೀಜ ಲೋಳೆ ಬಿಟ್ಟು ಕೆಡುತ್ತದೆ. ಮೊಳಕೆಗೆ ನೆರವಾಗುವ ಗುಣವೇ ಕೊಯ್ಲಿನ ಹೊತ್ತಿಗೆ ಅಪಾಯವಾಗುವುದು ಹೀಗೆ.

ಕಾಮಕಸ್ತೂರಿಗೆ ಹಗಲಿನ ಉದ್ದಕ್ಕಿಂತ ಬೆಚ್ಚಗಿನ ಹವೆ ಮುಖ್ಯ. ನೀರಿದ್ದರೆ ವರ್ಷದ ಬಹುಭಾಗ ಇಲ್ಲಿ ಬೆಳೆಯಬಲ್ಲದು. ಎಲೆ ಬೇಕಾದವರು ಹೂತೆನೆಯನ್ನು ಚಿವುಟುತ್ತಾರೆ, ಬೀಜ ಬೇಕಾದವರು ತೆನೆ ಒಣಗುವವರೆಗೆ ಬಿಡುತ್ತಾರೆ. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಗಿಡಗಳಿದ್ದರೆ ಮನೆಯ ಬಳಕೆಗೆ ಬೇಕಾದಷ್ಟು ದೊರೆಯುತ್ತದೆ.

ಬೆಳೆಯ ಆಯ್ಕೆಯಲ್ಲಿ ಮಾರುಕಟ್ಟೆಯ ಪ್ರಶ್ನೆಯೂ ಇದೆ. ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಘೋಷಿಸುವ ಬೆಳೆಗಳಲ್ಲಿ ಜೋಳ, ಕಡಲೆ ಮತ್ತು ಕುಸುಬೆ ಸೇರಿವೆ. ಚಿಯಾ ಆಗಲಿ ಕಾಮಕಸ್ತೂರಿಯಾಗಲಿ ಆ ಪಟ್ಟಿಯಲ್ಲಿಲ್ಲ. ಬೆಲೆ ಕುಸಿದಾಗ ಆಸರೆಯಿಲ್ಲದ ಬೆಳೆಯಾದ್ದರಿಂದ, ಹಿಂಗಾರಿ ಜೋಳದ ಹೊಲವನ್ನು ಚಿಯಾಕ್ಕೆ ಬಿಡುವ ಮೊದಲು ಕೊಳ್ಳುವವರು ಯಾರೆಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಬಿತ್ತನೆ ಬೀಜದ ಶುದ್ಧತೆಯೂ ಅಷ್ಟೇ ಮುಖ್ಯ. ಚಿಯಾ ಎಂದು ಕೊಂಡ ಬೀಜದಲ್ಲಿ ಬೇರೆ ಕಪ್ಪು ಬೀಜ ಬೆರೆತಿದ್ದರೆ ಫಸಲಿನ ದರ್ಜೆ ಇಳಿಯುತ್ತದೆ.

ಬಳಕೆ ಮತ್ತು ಎಚ್ಚರಿಕೆ

ಕಾಮಕಸ್ತೂರಿಯ ಎಲೆ ತೆನೆಗಳನ್ನು ಹೂಮಾಲೆಗಳಲ್ಲಿ ಸೇರಿಸುವುದು, ಹೂವಿನೊಡನೆ ಮುಡಿಯುವುದು ರೂಢಿಯಲ್ಲಿದೆ. ನೆನೆಸಿದ ಬೀಜವನ್ನು ಬೇಸಿಗೆಯಲ್ಲಿ ಶರಬತ್ತು, ಹಾಲು ಮತ್ತು ಫಾಲೂದಾಗಳಿಗೆ ಹಾಕುತ್ತಾರೆ. ದೇಹಕ್ಕೆ ತಂಪು ಎಂಬ ನಂಬಿಕೆ ಇದರ ಹಿಂದಿದೆ. ಚಿಯಾವನ್ನು ನೀರಿನಲ್ಲಿ ನೆನೆಸಿ, ಹಾಲು ಮೊಸರುಗಳಲ್ಲಿ ಕಲಸಿ ಅಥವಾ ಹಿಟ್ಟಿನೊಡನೆ ಬೆರೆಸಿ ಬಳಸುತ್ತಾರೆ. ಯುರೋಪಿಯನ್ ಒಕ್ಕೂಟವು 2009ರಲ್ಲಿ ಬ್ರೆಡ್ಡಿನಲ್ಲಿ ಶೇ. 5ರವರೆಗೆ ಚಿಯಾ ಬಳಸಲು ಅನುಮತಿ ನೀಡಿತು. 2013ರಲ್ಲಿ ಬಳಕೆಯನ್ನು ವಿಸ್ತರಿಸಿದಾಗ, ಪೊಟ್ಟಣದಲ್ಲಿ ಮಾರುವ ಬೀಜವನ್ನು ದಿನಕ್ಕೆ 15 ಗ್ರಾಂ ಮೀರದಂತೆ ಸೇವಿಸಬೇಕೆಂದು ಸೂಚಿಸಿತು.

ಎರಡೂ ಬೀಜಗಳನ್ನು ಒಣದಾಗಿಯೇ ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದು ಅಪಾಯಕಾರಿ. ಅವು ಅನ್ನನಾಳದಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ಚಮಚದಷ್ಟು ಒಣ ಚಿಯಾ ನುಂಗಿ ನೀರು ಕುಡಿದ ವ್ಯಕ್ತಿಯ ಅನ್ನನಾಳ ಕಟ್ಟಿಕೊಂಡ ಪ್ರಕರಣವನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದ್ದಾರೆ. ಚಿಯಾ ತನ್ನ ತೂಕದ ಸುಮಾರು ಹತ್ತು ಪಟ್ಟು ನೀರನ್ನು ಹಿಡಿದಿಡಬಲ್ಲದು ಎಂಬುದನ್ನು ನೆನೆದರೆ ಇದರ ಕಾರಣ ತಿಳಿಯುತ್ತದೆ. ಚಿಕ್ಕ ಮಕ್ಕಳಿಗೂ, ನುಂಗಲು ತೊಂದರೆಯಿರುವ ವೃದ್ಧರಿಗೂ ಈ ಬೀಜಗಳನ್ನು ಕೊಡುವಾಗ ವಿಶೇಷ ಎಚ್ಚರಿಕೆ ಬೇಕು. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಚಿಯಾವನ್ನು ನಿತ್ಯ ಬಳಸುವ ಮೊದಲು ವೈದ್ಯರನ್ನು ಕೇಳುವುದು ಒಳಿತು.

ಗುರುತಿಸುವ ಬಗೆ

ಮನೆಯಲ್ಲಿಯೇ ಮಾಡಬಹುದಾದ ಸುಲಭ ಪರೀಕ್ಷೆ ನೀರಿನದು. ಎರಡು ಲೋಟಗಳಲ್ಲಿ ಒಂದೊಂದು ಚಿಟಿಕೆ ಬೀಜ ಹಾಕಿ ನೀರು ಸುರಿದರೆ, ಕಾಮಕಸ್ತೂರಿ ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ. ಪ್ರತಿ ಬೀಜದ ಸುತ್ತ ಬೆಳ್ಳಗಿನ ಲೋಳೆಯ ಉಂಡೆ, ನಡುವೆ ಕಪ್ಪು ಚುಕ್ಕೆ ಬಿಡಿಬಿಡಿಯಾಗಿ ಕಾಣುತ್ತವೆ. ಚಿಯಾ ನಿಧಾನವಾಗಿ ಅರ್ಧ ಗಂಟೆಯವರೆಗೆ ನೀರು ಹೀರುತ್ತದೆ, ಲೋಳೆಗಳು ಒಂದಕ್ಕೊಂದು ಕೂಡಿಕೊಂಡು ನೀರೇ ಗಂಜಿಯಂತೆ ಮಂದವಾಗುತ್ತದೆ. ಇತರ ಗುರುತುಗಳು ಹೀಗಿವೆ:

| ಅಂಶ | ಚಿಯಾ | ಕಾಮಕಸ್ತೂರಿ |
|---|---|---|
| ಕುಲ | ಸಾಲ್ವಿಯಾ | ಓಸಿಮಮ್ |
| ತವರು | ಮೆಕ್ಸಿಕೊ, ಗ್ವಾಟೆಮಾಲಾ | ಉಷ್ಣವಲಯದ ಏಷ್ಯಾ |
| ಎಲೆಯ ಅಂಚು | ಗರಗಸದಂತೆ | ನುಣುಪು ಅಥವಾ ಅಲ್ಪ ಹಲ್ಲು |
| ಎಲೆಯ ಪರಿಮಳ | ಸೌಮ್ಯ | ತೀಕ್ಷ್ಣ |
| ಪರಾಗ ಕೊಡುವ ಕೇಸರಗಳು | ಎರಡು, ಮೇಲ್ತುಟಿಯ ಬಳಿ | ನಾಲ್ಕು, ಕೆಳತುಟಿಯ ಮೇಲೆ |
| ಬೀಜದ ಬಣ್ಣ | ಚಿತ್ತಾರದ ಬೂದು, ಕಂದು ಅಥವಾ ಬಿಳಿ | ಒಂದೇ ಸಮನಾದ ಕಪ್ಪು |
| ನೀರಿನಲ್ಲಿ | ನಿಧಾನ, ಮಂದವಾದ ಗಂಜಿ | ಬೇಗ, ಬಿಡಿ ಉಂಡೆಗಳು |
| ಹೂವಿಗೆ ಮುಖ್ಯ ಅಗತ್ಯ | ಮೋಟು ಹಗಲು | ಬೆಚ್ಚಗಿನ ಹವೆ |
| ಮುಖ್ಯ ಬಳಕೆ | ಬೀಜ, ಆಹಾರವಾಗಿ | ಎಲೆ, ಹೂತೆನೆ, ಪಾನಕದಲ್ಲಿ ಬೀಜ |